ಪಶ್ಚಿಮ ವಿಭಾಗಕ್ಕೆ ಒಂದೇ ಕಾಲೇಜು

ಕಡಲು ಊರನ್ನು ನುಂಗಿದ ಮೇಲೆ ಕಾಲೇಜುಗಳೆಲ್ಲ ಹಳೇ ಹಡಗುಗಳ ಮೇಲೆ ನಡೆಯುತ್ತಿದ್ದವು. ಈ ವರ್ಷ ಕಬಡ್ಡಿ ಕೂಟಕ್ಕೆ ಇನ್ನೂ ಆರು ಕಾಲೇಜು ಸೇರಿದ್ದರಿಂದ ಕೂಟವನ್ನು ಎರಡು ವಿಭಾಗ ಮಾಡಬೇಕಾಗಿ ಬಂತು. ಕೂಟದ ಅಧ್ಯಕ್ಷ, ಪ್ರಿನ್ಸಿಪಾಲ್ ಪದ್ಮರಾಜ ಬಲ್ಲಾಳರು ಸಭೆಯಲ್ಲಿ ಕಡಲಿನ ನಕ್ಷೆ ಹರಡಿ, ಗಂಟಲು ಸರಿಮಾಡಿಕೊಂಡು ಒಂದು ಗೆರೆ ಎಳೆದರು. ಗೆರೆಯ ಪೂರ್ವಕ್ಕೆ ಹದಿನೇಳು ಕಾಲೇಜು, ಪಶ್ಚಿಮಕ್ಕೆ ಅವರದೊಂದೇ.

"ಒಂದೇ ತಂಡ ಯಾರ ಜೊತೆ ಆಡೋದು ಸರ್?" ಎಂದಳು ಪೂರ್ವದ ಒಂದು ಕಾಲೇಜಿನ ಕೋಚ್ ವಾರಿಜಾ. ವರ್ಷವಿಡೀ ಮೊಣಕೈ ತರಚಿಕೊಂಡ ತನ್ನ ಹುಡುಗಿಯರು ಅವಳ ಕಣ್ಣ ಮುಂದೆ ಬಂದರು.

"ಆಡೋದೇನು ಬಂತು? ವಿಭಾಗದಲ್ಲಿ ಮೊದಲ ಸ್ಥಾನ ಬಂದವರು ನೇರ ಫೈನಲ್‌ಗೆ. ಭೂಗೋಳ ಹಾಗಿದೆ, ನಾನೇನು ಮಾಡ್ಲಿ? ಪಂದ್ಯದ ದಿನ ಲಂಗರು ಎಲ್ಲಿದೆಯೋ ಅದೇ ನಿಮ್ಮ ವಿಭಾಗ. ಒಪ್ಪಿಗೇನಾ?"

ಉಳಿದ ಪ್ರಿನ್ಸಿಪಾಲರು ಗೋಡಂಬಿ ಅಗಿಯುತ್ತಾ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಎಲ್ಲರಿಗಿಂತ ಮೊದಲು ಕೈ ಎತ್ತಿದವಳು ವಾರಿಜಾ. ಬಲ್ಲಾಳರ ಮುಖ ಅರಳಿತು.

ಡೆಕ್ಕಿಗೆ ಬಂದವಳೇ ಅವಳು ಹಾಸ್ಟೆಲಿಗೆ ಫೋನ್ ಮಾಡಿದಳು. "ಲಂಗರು ಎತ್ತಿ ಮಕ್ಕಳೇ. ಪಂದ್ಯದ ದಿನ ಬಲ್ಲಾಳರು ಕಿಟಕಿ ತೆಗೆದರೆ ನಮ್ಮ ಕಾಲೇಜಿನ ಗೋಡೆಗೇ ಬಡೀಬೇಕು."