ದೇವದೂತ ಹೇಳದ ಮಾತು

ಟಕ್... ಟಕ್... ಟಕ್...

ರಾತ್ರಿ ಎಂಟು ಗಂಟೆ. ದಯಾಮಣಿ ಟೀಚರ್ ಚಿಲಕ ತೆಗೆದರು.

ಹೊಸ್ತಿಲಾಚೆ ಸುಕುಮಾರ. ಕಾಲಲ್ಲಿ ಚಪ್ಪಲಿಯೂ ಇಲ್ಲ.

"ಟೀಚರ್, ಲಗೂನ ಬರ್ರಿ. ಏನೂ ಕೇಳಬ್ಯಾಡ್ರಿ... ಬರ್ರಿ."

ಇಪ್ಪತ್ತೆರಡು ವರ್ಷ ಸಂಡೇ ಸ್ಕೂಲಿನಲ್ಲಿ ಮಕ್ಕಳಿಗೆ ಬೈಬಲ್ ಕಲಿಸಿದ ಟೀಚರ್, ಯಾವ ಮನೆಯಿಂದ ಕರೆ ಬಂದರೂ ಕಾರಣ ಕೇಳಿದವರಲ್ಲ. ಅಂದೂ ಕೇಳದೆ ಅವನ ಹಿಂದೆ ಹೊರಟರು... ಸುಕುಮಾರ ಕೆಜಿಯಾಳ ತಂದೆ.

ಕೆಜಿಯಾ... ಏಳು ವರ್ಷದ ಹುಡುಗಿ. ದೇವದೂತನನ್ನು ಕಂಡೆ ಎಂದವಳು!

ಹತ್ತು ದಿನಗಳ ಹಿಂದೆ ಅಜ್ಜಿ ರಾಹೇಲವ್ವ ಹೊಟ್ಟೆನೋವಿನಿಂದ ನರಳುತ್ತಿದ್ದಾಗ, ಮಂಚದ ತುದಿಯಲ್ಲಿ ಬೆಳ್ಳಗೆ ಯಾರೋ ಬಂದು ಕುಳಿತರೆಂದು ಮಗು ಹೇಳಿತ್ತು.

ಕೆಲವರು ಕನಸೆಂದು ನಕ್ಕರು. ಕೆಲವರು ಮಗುವಿನ ಮುಂದೆಯೇ ಮೊಣಕಾಲೂರಿದರು. ಪಾಸ್ಟರ್ ಮಾತ್ರ, "ಕೂಸು ಕಂಡಿದ್ದು ಕೂಸಿನ ಹತ್ರಾನ ಇರ್ಲಿ. ದೇವರಿಗೆ ಸ್ತೋತ್ರ ಹೇಳಿ ಸುಮ್ಮನಾಗೋಣ" ಎಂದಿದ್ದರು.

ಟೀಚರ್‌ಗೆ ಸುಮ್ಮನಿರಲಾಗಲಿಲ್ಲ. ಇಂಥ ಮಹಿಮೆ ಚರ್ಚಿನ ಸಭೆಗೆ ತಿಳಿಯಬೇಡವೇ? ಮಗುವನ್ನು ಪಕ್ಕದಲ್ಲಿ ಕೂರಿಸಿಕೊಂಡು ಎಲ್ಲವನ್ನೂ ಕೇಳಿ ತಿಳಿದುಕೊಂಡರು. ಭಾನುವಾರದ ಆರಾಧನೆಯಲ್ಲಿ, ದೇವರ ಕೃಪೆಗೆ ಸಾಕ್ಷಿ ಹೇಳುವ ಹೊತ್ತಿಗೆ, ಮೈಕಿನ ಮುಂದೆ ಸ್ಟೂಲ್ ಹಾಕಿ ನಿಲ್ಲಿಸಿದರು.

"ಅಜ್ಜಿಗೆ ಆಪರೇಷನ್ ಇಲ್ಲದನ ಆರಾಮ ಆಗ್ತೈತಿ ಅಂತ ದೇವದೂತ ಹೇಳ್ಯಾನ!"

ಇಡೀ ಚರ್ಚ್ "ಹಲ್ಲೆಲೂಯಾ" ಎಂದಿತು.

ಅಂದೇ ಸಂಜೆ ರಾಹೇಲವ್ವ, ದಿನ ನಿಗದಿಯಾಗಿದ್ದ ಹರ್ನಿಯಾ ಆಪರೇಷನ್ನಿಗೆ ಒಲ್ಲೆ ಎಂದುಬಿಟ್ಟರು.

ಮರುದಿನದಿಂದ ಮನೆ ತುಂಬ ಜನ. "ನಮ್ಮ ಹುಡುಗಗ ನೌಕರಿ ಆಗ್ತೈತೇನು, ಆ ದೇವದೂತನ್ನ ಕೇಳಿ ಹೇಳವಾ" ಎಂದು ಒಬ್ಬರು. "ನಮ್ಮ ಮಗಳಿಗೆ ಗದಗಿನ ವರ ಬೇಕು ಅಂದಾನೋ, ಬ್ಯಾಡ ಅಂದಾನೋ?" ಎಂದು ಪಕ್ಕದ ಮನೆಯ ಸಲೋಮಿ!

ಇಂದು ಬುಧವಾರ. ಟೀಚರ್ ಸುಕುಮಾರನ ಮನೆ ಹೊಕ್ಕರು...

ರಾಹೇಲವ್ವ ಮಂಚದ ಮೇಲೆ ಮುದುಡಿ ಮಲಗಿದ್ದರು. ಮನೆಗೆ ಬಂದು ನೋಡಿದ ಡಾಕ್ಟರ್ ನೇರವಾಗಿಯೇ ಹೇಳಿದ್ದರು... ಕರುಳು ಸಿಕ್ಕಿಕೊಂಡಿದೆ, ಈಗಲೇ ಆಪರೇಷನ್ ಆಗಬೇಕು, ಬೆಳಗಿನವರೆಗೆ ಕಾದರೆ ಜೀವ ಉಳಿಯುವುದು ಕಷ್ಟ.

"ನಾವು ಹೇಳಿ ಹೇಳಿ ಸಾಕಾತ್ರಿ. ನೀವರ ಹೇಳ್ರಿ ಟೀಚರ್," ಎಂದ ಸುಕುಮಾರ.

ಟೀಚರ್ ಬಾಯಿ ತೆರೆಯುವ ಮೊದಲೇ ರಾಹೇಲವ್ವ ಕೈ ಎತ್ತಿದರು. "ಇಷ್ಟು ವರ್ಷ ನಂಬ್ರಿ ನಂಬ್ರಿ ಅಂತ ಕಲಿಸಿದವ್ರು ನೀವು. ಈಗ ನಂಬಬ್ಯಾಡ ಅನ್ನಾಕ ಬಂದೀರೇನು?"

ಟೀಚರ್ ಹಿಂದೆ ತಿರುಗಿದರು.

ಬಾಗಿಲ ಮರೆಯಲ್ಲಿ ಕೆಜಿಯಾ ನಿಂತಿದ್ದಳು. ಟೀಚರ್ ಅವಳ ಪಕ್ಕ ನೆಲದ ಮೇಲೆ ಕುಳಿತರು.

"ಅವತ್ತು ಏನಾತವ್ವಾ? ನಿನಗ ಹೆಂಗ ನೆನಪೈತೋ ಹಂಗ ಹೇಳು."

ಅಷ್ಟು ಹೇಳಿ ತುಟಿ ಬಿಗಿಹಿಡಿದರು.

"ಅಜ್ಜಿ ಸಾಯ್ತಾಳ ಅಂತ ಅಂಜಿಕಿ ಆಗಿತ್ರಿ. ಅಂವ ಬಂದ... ಕುಂತ."

"ಆಮ್ಯಾಲ?"

"ಅಷ್ಟ. ಏನೂ ಅನ್ನಲಿಲ್ರಿ. ಸುಮ್ನ ಕುಂತಿದ್ದ. ನನ್ನ ಅಂಜಿಕಿ ಹೋತು."

ಮಂಚದ ಮೇಲಿನ ನರಳಾಟ ನಿಂತಿತು. "ಮತ್ತ... ಆಪರೇಷನ್ ಬ್ಯಾಡ ಅಂದಿದ್ದು?"

ಮಗು ಬಿಕ್ಕಿ ಬಿಕ್ಕಿ ಅತ್ತಿತು. "ಅಂವ ಅಂದಿಲ್ಲ ಅಜ್ಜಿ. ಖರೆ ಹೇಳಿದ್ರ ಎಲ್ಲಾರೂ ಬೈತಾರಂತ ಸುಮ್ನಿದ್ದೆ."

ರಾಹೇಲವ್ವ ಮೊಮ್ಮಗಳತ್ತ ಕೈ ಚಾಚಿದರು.

"ಅಳಬ್ಯಾಡ ಬಾ. ಆಸ್ಪತ್ರಿಗೂ ಬಂದು ಕುಂದರ್ತಾನೇನು ಅಂವ?"

ಸುಕುಮಾರ ಮಗಳತ್ತ ಬಾಗಿದ. ಮುದುಕಿ ಆಸ್ಪತ್ರೆಗೆ ಹೊರಡಲು ಒಂದು "ಹ್ಞೂಂ" ಸಾಕಿತ್ತು... ಒಂದೇ ಒಂದು!

ಕೆಜಿಯಾ ಲಂಗದ ಅಂಚಿನಿಂದ ಮೂಗು ಒರೆಸಿಕೊಂಡಳು.

"ಗೊತ್ತಿಲ್ಲ ಅಜ್ಜಿ... ನಾ ಅಂತೂ ಕುಂದರ್ತೀನಿ."

ರಾಹೇಲವ್ವನ ಕಣ್ಣು ತುಂಬಿ ಹರಿಯಿತು. "ಸುಕುಮಾರ... ಗಾಡಿ ತರಸೋ."

ಬೆಳಗಿನ ಜಾವ ಸರ್ಜನ್ ಹೊರಬಂದರು. ಜೀವ ಉಳಿದಿತ್ತು. "ಇನ್ನೆರಡು ತಾಸು ತಡವಾಗಿದ್ದರೆ..." ಎಂದು ತಲೆಯಾಡಿಸಿದರು.

ಟೀಚರ್‌ಗೆ ಮಾತ್ರ ಬೆಂಚಿನ ಮೇಲೆ ಕೂರಲಾಗಲಿಲ್ಲ. ಕಾರಿಡಾರಿನ ಈ ತುದಿಯಿಂದ ಆ ತುದಿಗೆ... ಆ ತುದಿಯಿಂದ ಈ ತುದಿಗೆ. ಆ ಸುಳ್ಳನ್ನು ಮಗುವಿನ ತಲೆಗೆ ತುಂಬಿದವರು ಯಾರು? ಸಲೋಮಿಯೇ? ಮೊಣಕಾಲೂರಿದವರಲ್ಲಿ ಯಾರಾದರೂ?

"ಹೆಸರು ಗೊತ್ತಾಗಬೇಕು ಸುಕುಮಾರ. ಬರೋ ಭಾನುವಾರ ಸಭೆ ಮುಂದ ನಿಲ್ಲಸ್ತೀನಿ!"

ಸುಕುಮಾರ ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡ. "ಹಂಗ ಹೇಳು ಅಂತ ಯಾರು ಅಂದ್ರು, ಕೂಸ?"

"ಹೇಳು ಅನ್ನಲಿಲ್ಲಪ್ಪಾ... ಕೇಳಿದ್ರು. 'ಆಪರೇಷನ್ ಇಲ್ಲದನ ಆರಾಮ ಆಗ್ತೈತಿ ಅಂತ ಹೇಳಿರಬೇಕಲ್ಲ ಅಂವ?' ಅಂತ. ಇಲ್ಲ ಅಂದೆ. ಮತ್ತ ಕೇಳಿದ್ರು. ಮತ್ತ ಕೇಳಿದ್ರು. ಆಮ್ಯಾಲ ಹ್ಞೂಂ ಅಂದೆ... ಭಾಳ ಖುಷಿಯಾಗಿ ಅಪ್ಪಿಕೊಂಡ್ರು."

"ಯಾರು?"

ಮಗು ತಂದೆಯ ಅಂಗಿಯಲ್ಲಿ ಮುಖ ಮುಚ್ಚಿಕೊಂಡಿತು.

"ದಯಾಮಣಿ ಟೀಚರ್."

*

ಮಗು ಕಂಡದ್ದನ್ನು ಕೇಳಿಸಿಕೊಳ್ಳಿ... ನಮಗೆ ಬೇಕಾದ ಮಾತನ್ನು ಅದರ ಬಾಯಲ್ಲಿಟ್ಟು, ಅದಕ್ಕೆ ದೇವರ ಹೆಸರು ಹಚ್ಚಬೇಡಿ.

ಇಂದು ನಿಮ್ಮ ಮನೆಯ ಮಗು ಏನೋ ಹೇಳಲು ಬಂದಾಗ... ಅದು ಮುಗಿಸುವ ಮೊದಲೇ ಉತ್ತರವನ್ನು ನೀವೇ ಹೇಳಿಬಿಟ್ಟಿರಾ?