ಇನ್ನೂರ ಹದಿನಾಲ್ಕನೇ ಬಾಟಲಿ

ಲೋಕಲ್ ರೈಲು ಕುಲುಕಿದಾಗಲೆಲ್ಲ ಕೊರಗಪ್ಪ ಕೈಚೀಲವನ್ನು ಎದೆಗೆ ಅವಚಿಕೊಳ್ಳುತ್ತಿದ್ದ. ತರಕಾರಿಯನ್ನು ಯಾರೂ ಹಾಗೆ ಹಿಡಿಯುವುದಿಲ್ಲ. ಡಬ್ಬಿಯ ಇನ್ನೊಂದು ಬಾಗಿಲಲ್ಲಿ, ಜನರ ಮರೆಯಲ್ಲಿ ನಿಂತು ಮುರಿಗೆಪ್ಪ ಎಲ್ಲವನ್ನೂ ನೋಡುತ್ತಿದ್ದ.

ಇಬ್ಬರೂ ಒಂದೇ ಆಸ್ಪತ್ರೆಯ ಪ್ರಯೋಗಾಲಯದವರು. ಬಾಯಿ, ದವಡೆ, ಗಂಟಲಿನಿಂದ ಕೊಯ್ದು ತೆಗೆದ ಗಡ್ಡೆಗಳು ಕೊಳೆಯದಂತೆ ಅಲ್ಲಿಗೆ ಫಾರ್ಮಲಿನ್ ಬಾಟಲಿಗಳಲ್ಲಿ ಬರುತ್ತಿದ್ದವು. ಅವುಗಳ ಚೂರನ್ನು ಮೇಣದಲ್ಲಿ ಹುದುಗಿಸಿ, ಈರುಳ್ಳಿ ಪೊರೆಗಿಂತ ತೆಳ್ಳಗೆ ಕತ್ತರಿಸಿ, ಬಣ್ಣ ಹಾಕಿ ಡಾಕ್ಟರರ ಸೂಕ್ಷ್ಮದರ್ಶಕಕ್ಕೆ ಕೊಡುವವನು ಮುರಿಗೆಪ್ಪ. ಉಳಿದದ್ದನ್ನಿಡುವ ಕಪಾಟಿನ ಬೀಗದಕೈಯೂ ಅವನದೇ. ಬಾಟಲಿ ತೊಳೆಯುವವನು ಕೊರಗಪ್ಪ. ಕಪಾಟು ತೆರೆದಾಗ ಹತ್ತಿರವಿರುತ್ತಿದ್ದವನು ಅವನೊಬ್ಬನೇ.

ಮೂರು ತಿಂಗಳಲ್ಲಿ ಐದು ಬಾಟಲಿ ಖಾಲಿಯಾಗಿದ್ದವು. ಪರೀಕ್ಷೆ ಮುಗಿದವಾದ್ದರಿಂದ ಯಾರೂ ಕೇಳಿರಲಿಲ್ಲ. ಈ ಬೆಳಿಗ್ಗೆ ಪಟ್ಟಿ ತೆಗೆದು ನೋಡಿದಾಗ ಮಾತ್ರ ಮುರಿಗೆಪ್ಪನಿಗೆ ಗೊತ್ತಾಯಿತು. ಐದೂ ಸತ್ತವರವು. ಬದುಕಿದ್ದವರ ಒಂದು ಚೂರೂ ಹೋಗಿರಲಿಲ್ಲ.

ಆರನೆಯದು ವಿಜಾಪುರದ ಶೆಟ್ಟೆಪ್ಪನ ನಾಲಿಗೆ, ನಂಬರ್ ಇನ್ನೂರ ಹದಿನಾಲ್ಕು. ಶೆಟ್ಟೆಪ್ಪ ಬುಧವಾರ ತೀರಿಕೊಂಡಿದ್ದ. ಆ ಗಡ್ಡೆಯನ್ನು ಇನ್ನೊಮ್ಮೆ ಕತ್ತರಿಸಿ ನೋಡಬೇಕೆಂದು ಡಾಕ್ಟರರು ಇವತ್ತೇ ಕೇಳಿದ್ದರು. ಸಿಗುತ್ತಿಲ್ಲ ಎಂದಾಗ ಅವರು ಕನ್ನಡಕ ತೆಗೆದರು. “ಸೋಮವಾರ ನನ್ನ ಮೇಜಿನ ಮೇಲಿರಬೇಕು. ಇಲ್ಲದಿದ್ದರೆ ಬೀಗದಕೈ ಇಟ್ಟು ಮನೆಗೆ ಹೋಗು.”

ಮನೆ ಎಂದರೆ ಚಾಳಿನ ಒಂದು ಖೋಲಿ, ನಾಲ್ಕು ಮಕ್ಕಳು.

ನಿನ್ನೆ ಕೊರಗಪ್ಪ ಕೇಳಿದ್ದು ಈಗ ಕಿವಿಯಲ್ಲಿ ಗುಂಯ್‌ಗುಟ್ಟಿತು.

“ಸಾರ್, ಈ ಶೆಟ್ಟೆಪ್ಪ ಯಾವ ಜಾತಿ?”

“ಯಾಕಲೇ, ಸತ್ತಾಂವಗ ಹೆಣ್ಣು ಕೊಡಾಂವ ಇದ್ದೀಯೇನು? ನಮ್ಮಾಂವನ, ಲಿಂಗಾಯತ. ಬಾಟ್ಲ್ಯಾಗಿನ ನಾಲಿಗಿಗೆ ಎಂಥಾ ಜಾತಿ?”

“ಬಾಟ್ಲಿ ಒಳಗೆ ಇಲ್ಲ ಸಾರ್. ಹೊರಗೆ ಬಂದ್ರೆ ಉಂಟಲ್ಲ.”

ಯಾವ ಮಾಟಗಾರನಿಗೆ ಯಾವ ಜಾತಿಯವನ ನಾಲಿಗೆ ಬೇಕಾಗಿತ್ತೋ! ಮುರಿಗೆಪ್ಪ ಹಲ್ಲು ಕಚ್ಚಿದ.

ಕುರ್ಲಾದಲ್ಲಿ ಗಾಡಿ ಬದಲಾಯಿತು. ಚೆಂಬೂರಿನಲ್ಲಿ ಇಳಿದ ಕೊರಗಪ್ಪ ತನ್ನ ಮನೆಯ ದಾರಿ ಹಿಡಿಯಲಿಲ್ಲ. ಬಿಸಿಲಲ್ಲಿ ಬಿರಬಿರನೆ ನಡೆದು ನೇರ ಸ್ಮಶಾನದ ಬಾಗಿಲಿಗೆ ಹೋದ. ಕಟ್ಟಿಗೆ ಜೋಡಿಸುತ್ತಿದ್ದ ಮರಾಠಿ ಮುದುಕ ಹಳೆಯ ಪರಿಚಯದ ನಗೆ ನಕ್ಕ.

“ಇವತ್ತು ಎಷ್ಟು?” ಎಂದು ತನ್ನ ಭಾಷೆಯಲ್ಲಿ ಕೇಳಿದ.

“ಒಂದೇ,” ಕೊರಗಪ್ಪ ಹರಕು ಮರಾಠಿಯಲ್ಲಿ ಹೇಳಿದ. “ಅದೂ ನಿನಗಲ್ಲ. ಒಂದು ಮಾತು ಕೇಳಿಕೊಂಡು ಹೋಗೋಣ ಅಂತ ಬಂದೆ.”

ಮುರಿಗೆಪ್ಪನಿಗೆ ಇನ್ನು ತಡೆಯಲಾಗಲಿಲ್ಲ. ಓಡಿಬಂದು ಚೀಲಕ್ಕೆ ಕೈಹಾಕಿದ.

“ಸಿಕ್ಕಿಯಲ್ಲೋ ಭಾಡ್ಯಾ! ಯಾರಿಗೆ ಮಾರಾಕ ತಂದೀದಿ?”

ಚೀಲದಲ್ಲಿ ಟವೆಲ್, ಅದರೊಳಗೆ ಬಾಟಲಿ. ಇನ್ನೂರ ಹದಿನಾಲ್ಕು. ಮುಚ್ಚಳ ಬಿಗಿಯಾಗಿತ್ತು, ನಾಲಿಗೆ ಇದ್ದ ಹಾಗೇ ಇತ್ತು. ಮುರಿಗೆಪ್ಪ ಬಾಟಲಿಯನ್ನು ಮಡಿಲಲ್ಲಿಟ್ಟುಕೊಂಡು ಅಲ್ಲೇ ಕಟ್ಟಿಗೆಯ ಮೇಲೆ ಕುಳಿತ.

“ಉಳಿದ ಐದು ಎಲ್ಲ್ಯದಾವು? ಬೊಗಳು.”

“ಮಾರುದಾ? ಎಂತ ಮಾತು ಮಾರಾಯ್ರೆ!” ಕೊರಗಪ್ಪನ ಕಣ್ಣಲ್ಲಿ ನೀರು. “ಮೂರನ್ನು ಇಲ್ಲೇ ಇವನ ಕೈಯಿಂದ ಸುಡಿಸಿದೆ. ಒಂದನ್ನು ಕಬರಸ್ತಾನದಲ್ಲಿ ಹೂಳಿಸಿದೆ. ಇನ್ನೊಂದು ಫೆರ್ನಾಂಡಿಸರ ದವಡೆ. ಪಾದ್ರಿಗಳ ಕಾಲು ಹಿಡಿದು ಶಿವಡಿಯ ಕ್ರೈಸ್ತರ ಸ್ಮಶಾನದಲ್ಲಿ ಮಣ್ಣು ಮಾಡಿಸಿದೆ. ಮನುಷ್ಯ ಅರ್ಧ ಹೋಗಿ, ಅರ್ಧ ನಮ್ಮ ಕಪಾಟಿನಲ್ಲಿ ಕೂತ್ರೆ ಅವನಿಗೆ ದಾರಿ ಸಿಗ್ತದಾ ಸಾರ್?”

ಮಾತು ತಿಳಿಯದಿದ್ದರೂ ಮುದುಕ ಹೌದೆಂದು ತಲೆಯಾಡಿಸಿದ. ಮುರಿಗೆಪ್ಪ ಬಾಟಲಿಯನ್ನು ಎತ್ತಿ ತೋರಿಸಿದ.

“ಮತ್ತ ಇದೊಂದನ್ನ ಯಾಕ ಹಂಗ ಇಟಗೊಂಡು ತಿರುಗಾಕ ಹತ್ತೀದಿ?”

ಕೊರಗಪ್ಪ ಬೆವರು ಒರೆಸಿಕೊಂಡ. “ನಿಮ್ಮನ್ನೇ ಕೇಳುವ ಅಂತಿದ್ದೆ, ಧೈರ್ಯ ಬರಲಿಲ್ಲ. ನಿಮ್ಮಲ್ಲಿ ಸತ್ತವರನ್ನು ಕೂರಿಸಿ ಹೂಳುದಂತಲ್ಲ ಸಾರ್... ನಾಲಿಗೆಯನ್ನು ಹೇಗೆ ಕೂರಿಸುದು?”