ಕೊನೆಯ ನಾಲ್ಕು ಹಾಳೆ

ಊರಿನ ಗ್ರಂಥಾಲಯಕ್ಕೆ ಅತಿಥಿಯಾಗಿ ಬಂದಿದ್ದ ಲೇಖಕಿ ತಾವೇ ಬರೆದ ಮಾಯಾಲೋಕದ ಕಾದಂಬರಿಯನ್ನು ಕಪಾಟಿನಿಂದ ತೆಗೆದಾಗ, ಮೂಲೆಯ ಬೆಂಚಿನಲ್ಲಿದ್ದ ಫಕೀರವ್ವನ ಎದೆ ಧಸಕ್ಕೆಂದಿತು. ಆ ಪ್ರತಿಯ ಕೊನೆಯ ನಾಲ್ಕು ಹಾಳೆ ಹರಿದು, ಆ ಜಾಗದಲ್ಲಿ ತಾನು ಬರೆದ ಹಾಳೆಗಳನ್ನು ಗಂಜಿ ಹಚ್ಚಿ ಅಂಟಿಸಿದ್ದವಳು ಅವಳೇ. ಪುಸ್ತಕ ಕೆಡಿಸಿದವರ ಕಾರ್ಡು ಕಿತ್ತುಕೊಳ್ಳುತ್ತಾರೆ. ಕಾರ್ಡು ಹೋದರೆ ಅವಳಿಗೆ ಓದಲು ಬೇರೆ ದಾರಿಯೇ ಇರಲಿಲ್ಲ.

ಲೇಖಕಿ ಕೊನೆಯ ಪುಟಗಳಿಗೆ ಬಂದು ನಿಂತರು. ನಿಧಾನವಾಗಿ ಓದಿದರು.

"ಇದನ್ನ ಬರೆದವರು ಯಾರು?"

ಗ್ರಂಥಪಾಲಕ ಇಣುಕಿ ನೋಡಿ ಬೆವೆತುಹೋದ. "ಫಕೀರವ್ವಾ, ಇದು ನಿನ್ನ ಅಕ್ಷರ ಅಲ್ಲೇನು? ಎಂಥಾ ಘನಕಾರ್ಯ ಮಾಡಿಟ್ಟೀಯವ್ವಾ!"

ಅವಳು ಎದ್ದು ಬಂದಳು. "ತಪ್ಪಾತ್ರೀ. ಆ ಮಾಟಗಾತಿ ಮುದುಕಿ ರಾಜಕುಮಾರಗ ಏಳು ವರ್ಷ ಉಣಿಸಿದಾಕಿ. ಕಡೀಕ ಅವನs ಆಕೀನ ಸುಟ್ಟ. ನನಗ ತಡಕೊಳ್ಳಾಕ ಆಗಲಿಲ್ರೀ. ಆಕೀನ ರೆಕ್ಕಿ ಹಾವಿನ ಬೆನ್ನ ಮ್ಯಾಲೆ ಕುಂಡ್ರಿಸಿ ಗುಡ್ಡ ದಾಟಿಸಿಬಿಟ್ಟೆ."

"ನನ್ನ ಹಾಳೆಗಳು ಎಲ್ಲಿ?"

ಸುಳ್ಳು ಹೇಳಲು ನಾಲಿಗೆ ಏಳಲಿಲ್ಲ. "ಒಲಿಗೆ ಹಾಕೀನ್ರೀ."

ಗ್ರಂಥಪಾಲಕ ಅವಳ ಕಾರ್ಡನ್ನು ಡಬ್ಬಿಯಿಂದ ತೆಗೆದು ಮೇಜಿನ ಮೇಲಿಟ್ಟ. ಫಕೀರವ್ವ ಸೆರಗನ್ನು ಬಾಯಿಗೆ ಒತ್ತಿಕೊಂಡಳು.

ಲೇಖಕಿ ತಮ್ಮ ಚೀಲದಿಂದ ಅದೇ ಕಾದಂಬರಿಯ ಸ್ವಂತ ಪ್ರತಿ ತೆಗೆದರು. ಅದರ ಕೊನೆಯ ನಾಲ್ಕು ಹಾಳೆಗಳನ್ನು ಪರ್ರನೆ ಹರಿದು ಅವಳ ಕೈಗಿಟ್ಟರು. "ಇವನ್ನೂ ಒಲೆಗೆ ಹಾಕಿಬಿಡಿ, ಅವ್ವಾ."